ಸೀಟಿನಡಿಯ ಕೆಂಪು ವಯರು

ಸ್ನೇಹಿತರೇ, ನನ್ನ ಹಳೆಯ ಕಾರಿನ ಬ್ಯಾಟರಿ ದಿನಾ ಬೆಳಿಗ್ಗೆ ಯಾಕೆ ಖಾಲಿಯಾಗಿರುತ್ತದೆ ಎಂಬುದು ಇವತ್ತು ಗೊತ್ತಾಯಿತು.

ಇಲ್ಲಿ ಗಲ್ಫಿನ ಮಬೇಲಾದ ಗ್ಯಾರೇಜಿನ ಎಲೆಕ್ಟ್ರಿಷಿಯನ್ ಹಮೀದಣ್ಣ, ನಮ್ಮ ಬಂಟ್ವಾಳದವರು, ಎರಡು ಗಂಟೆ ಹುಡುಕಿ ಕೈಚೆಲ್ಲಿದರು. "ಖಲಾಸ್ ಅಕ್ಕ, ಇದನ್ನು ಮಾರಿಬಿಡಿ."

"ಕಾರಣ ಸಿಗದೆ ನಾನು ಇಲ್ಲಿಂದ ಏಳುವುದಿಲ್ಲ" ಎಂದು ಸ್ಟೂಲು ಎಳೆದು ಕೂತೆ.

ಅವರು ಮತ್ತೆ ಮೀಟರ್ ಹಿಡಿದರು, ನಾನು ಒಂದೊಂದೇ ಫ್ಯೂಸ್ ಕಿತ್ತೆ. ಎಲ್ಲವನ್ನೂ ಕಿತ್ತರೂ ಬ್ಯಾಟರಿಯಿಂದ ಕರೆಂಟ್ ಹರಿಯುತ್ತಲೇ ಇತ್ತು. ಹಾಗಾದರೆ ಫ್ಯೂಸಿನ ಮೂಲಕ ಹೋಗದ ವಯರೊಂದು ಎಲ್ಲೋ ಇರಲೇಬೇಕು. ಹಟ ಹಿಡಿದು ಕಾರ್ಪೆಟ್ ಎತ್ತಿಸಿದೆ. ಬ್ಯಾಟರಿಯಿಂದ ನೇರವಾಗಿ ಬಂದ ತೆಳ್ಳನೆಯ ಕೆಂಪು ವಯರೊಂದು ಡ್ರೈವರ್ ಸೀಟಿನಡಿಯ ಕಪ್ಪು ಡಬ್ಬಿಗೆ ಸೇರಿತ್ತು.

"ಇದು ಟ್ರ್ಯಾಕರ್. ಗಾಡಿ ಎಲ್ಲಿದೆ ಅಂತ ಮೊಬೈಲಿಗೆ ಹೇಳ್ತದೆ" ಎಂದರು ಹಮೀದಣ್ಣ.

ನನಗೆ ಕಾರು ಮಾರಿದ್ದ ಶೆಟ್ಟರಿಗೆ ಅಲ್ಲಿಂದಲೇ ಫೋನ್ ಮಾಡಿದೆ. "ಕಾರಿಗೆ ಟ್ರ್ಯಾಕರ್ ಹಾಕಿಸಿದ್ರಾ?"

"ನಾನು ಹಾಕಿಸಿಲ್ಲ ಮಾರಾಯ್ರೆ. ಮನೆಯವಳ ಹತ್ರ ಕೇಳ್ತೇನೆ" ಎಂದರು. ಮತ್ತೆ ತಡೆದು, ದನಿ ತಗ್ಗಿಸಿ, "ಇಲ್ಲ, ಕೇಳುವುದು ಬೇಡ" ಎಂದರು.

ವಯರು ಕತ್ತರಿಸಿದೆವು. ನನ್ನ ತೊಂದರೆ ಮುಗಿಯಿತು. ಶೆಟ್ಟರದ್ದು ಈಗಷ್ಟೇ ಶುರುವಾಗಿರಬೇಕು.