ಲಾಳಿ ನೋಡದ ಕಣ್ಣು

ನಮ್ಮ ಭಾವ ಕೊಂಡಪ್ಪ ಮೂವತ್ತು ವರ್ಷ ದೊಡ್ಡಬಳ್ಳಾಪುರದಲ್ಲಿ ಪವರ್‌ಲೂಮ್ ಮಗ್ಗ ಓಡಿಸಿದವನು. ಮಾತು ಕಡಿಮೆ, ಮೊಂಡುತನ ಜಾಸ್ತಿ. ನಮ್ಮಕ್ಕ ರೂಪ ಅವನ ಬೆನ್ನ ಹಿಂದಿನ ಮಗ್ಗದಲ್ಲೇ ಕೆಲಸ ಮಾಡುತ್ತಿದ್ದಳು. ಹೋದ ವರ್ಷ ಅವಳ ಜಡೆ ಮಗ್ಗದ ಬೆಲ್ಟಿಗೆ ಸಿಕ್ಕಿತು. ಆಸ್ಪತ್ರೆ ಮುಟ್ಟುವಷ್ಟು ಹೊತ್ತೂ ಅಕ್ಕ ಉಳಿಯಲಿಲ್ಲ.

ಅಂದಿನಿಂದ ಭಾವ ಮಗ್ಗದ ಸದ್ದು ಕೇಳಿದರೆ ಕಿವಿ ಮುಚ್ಚಿ ಕುಸಿದುಬಿಡುತ್ತಿದ್ದ. ಆ ಊರಲ್ಲಿ ಮಗ್ಗದ ಸದ್ದಿಲ್ಲದ ಬೀದಿ ಎಲ್ಲಿದೆ? ಬಸ್‌ಸ್ಟ್ಯಾಂಡಿಗೂ ಒಬ್ಬನೇ ಹೋಗಲಾರದವನಾದ. ಒಂದು ದಿನ ಮಗಳು ಅಕ್ಷತ ಜಡೆ ಹಾಕಿಕೊಂಡು ಶಾಲೆಗೆ ಹೊರಟಿದ್ದಳು. ಹಿಡಿದು ಕೂರಿಸಿ ಜಡೆಯನ್ನು ಬುಡಕ್ಕೇ ಕತ್ತರಿಸಿದ. ಕತ್ತರಿ ತಾಗಿ ಕಿವಿಯೆಲ್ಲ ರಕ್ತ. ನನಗೆ ಮೈ ಉರಿದುಹೋಯಿತು. ಮಗುವನ್ನು ಕುಂದಾಣಕ್ಕೆ, ನಮ್ಮ ಮನೆಗೆ ಕರೆತಂದೆ. "ಮೊದ್ಲು ಹುಷಾರಾಗು, ಆಮೇಲೆ ಮಗಳು" ಎಂದೆ. ನನಗಿಂತ ಹದಿನೈದು ವರ್ಷ ದೊಡ್ಡವನು ನನ್ನ ಕಾಲು ಹಿಡಿದ.

ನಾನು ಏರ್‌ಪೋರ್ಟಿನ ಕಾರ್ಗೋದಲ್ಲಿ ಲೋಡರ್. ಅಲ್ಲಿ ಯಾರೋ ದೇವನಹಳ್ಳಿಯ ಕ್ಲಿನಿಕ್ಕಿಗೆ ಬರುವ ಮನಶ್ಶಾಸ್ತ್ರದ ಮೇಡಂ ಬಗ್ಗೆ ಹೇಳಿದರು. ಕೆಟ್ಟ ಗಳಿಗೆಯನ್ನು ನೆನೆಸಿಕೊಳ್ಳಲು ಹೇಳಿ ಬೆರಳನ್ನು ಎಡಕ್ಕೂ ಬಲಕ್ಕೂ ಆಡಿಸುತ್ತಾರಂತೆ. ಕಣ್ಣು ಬೆರಳಿನ ಹಿಂದೆ ಓಡಬೇಕು. ಹಾಗೇ ಮಾಡುತ್ತಾ ನೆನಪಿನ ಉರಿ ಆರುತ್ತದಂತೆ. ದೃಷ್ಟಿ ತೆಗೆಯಲು ನಮ್ಮೂರ ಮುನಿತಾಯಮ್ಮ ಸಾಲದೇ ಎಂದು ನಕ್ಕೆ. ಆದರೂ ಮುಳುಗುವವನಿಗೆ ಹುಲ್ಲುಕಡ್ಡಿಯೇ ಆಸರೆ. ಗುರುವಾರ ನನಗೆ ರಜೆ. ಭಾವನ ಕಿವಿಗೆ ಹತ್ತಿ ತುರುಕಿ, ಹೆಲ್ಮೆಟ್ ಹಾಕಿಸಿ, ಬೈಕಿನಲ್ಲಿ ಕರೆದೊಯ್ಯತೊಡಗಿದೆ. ನಾನು ಪಕ್ಕದಲ್ಲಿದ್ದರೇ ಕೂರುತ್ತೇನೆ ಎಂದು ಹಟ ಹಿಡಿದ. ಮೇಡಂ ಒಪ್ಪಿಕೊಂಡರು.

ಬೆರಳು ಆಡುತ್ತಿತ್ತು, ಅವನ ಕಣ್ಣು ಮಾತ್ರ ನಡುವೆ ನೆಟ್ಟ ಗೂಟ.

"ಬೆರಳು ನೋಡಿ, ಕೊಂಡಪ್ಪ."

"ಆಗ್ತಿಲ್ಲ ಮೇಡಂ. ಮಗ್ಗದಾಗೆ ಲಾಳಿ ಹಿಂಗೇ ಅತ್ತಿತ್ತ ಓಡ್ತದೆ. ಅದರ ಹಿಂದೆ ಕಣ್ ಬಿಟ್ರೆ ಹರಿದ ಎಳೆ ಕಾಣಲ್ಲ. ಮೂವತ್ ವರ್ಷ ಎಳೆ ನೋಡಿರೋ ಕಣ್ಣು."

ಮೂರು ಗುರುವಾರ ಇದೇ ಕಥೆ. ಮಗಳು ಬೇಕೋ ಬೇಡವೋ ಎಂದು ಬೈದೆ. ಅವನು ರಸ್ತೆಯಲ್ಲೇ ಅತ್ತುಬಿಟ್ಟ.

ನಾಲ್ಕನೆಯ ವಾರ ಮೇಡಂ ಬೆರಳು ಬಿಟ್ಟರು. ಅವನ ಎರಡು ಕೈಗಳನ್ನೂ ತೊಡೆಯ ಮೇಲೆ ಇಡಿಸಿ, ಒಂದಾದ ಮೇಲೊಂದನ್ನು ಮೆಲ್ಲಗೆ ತಟ್ಟಿದರು. ಕಣ್ಣಿನ ಬದಲು ಹೀಗೂ ಮಾಡಬಹುದಂತೆ.

"ಏನು ಕಾಣ್ತಿದೆ?"

"ಎಳೆ ಹರಿದೋಗಿದೆ. ಮಗ್ಗ ನಿಲ್ಸಿ ಗಂಟು ಹಾಕ್ತಾ ಇದೀನಿ. ಹಿಂದೆ ರೂಪ ಕೂಗ್ತಾವಳೆ."

"ಆಮೇಲೆ?"

"ಗಂಟು ಹಾಕ್ತಾ ಇದೀನಿ ಮೇಡಂ. ಕೂಗಿದ್ದು ಕೇಳಿಸ್ತು. ಗಂಟು ಮುಗಿಸ್ಬಿಟ್ಟು ತಿರುಗ್ದೆ."

ಇದು ಹೊರಗೆ ಬಂದದ್ದು ಒಳ್ಳೆಯದಾಯಿತು, ಮುಂದಿನ ವಾರ ಮಾತ್ರ ತಪ್ಪಿಸಬೇಡಿ ಎಂದರು ಮೇಡಂ. ಮಾರನೆಯ ದಿನ ಭಾವ ಫೋನ್ ಮಾಡಿದ. "ಮುನೀಂದ್ರ, ನಿದ್ದೆ ಬಂತು ಕಣೋ!" ಒಂದು ವರ್ಷದ ಮೇಲೆ ಬಂದ ನಿದ್ದೆ. ನಾನು ಫೋನ್ ಇಟ್ಟುಬಿಟ್ಟೆ.

ಕಾರ್ಗೋದಲ್ಲಿ ದಾರ ತೆಗೆದುಕೊಂಡು ಗಂಟು ಹಾಕಿ ನೋಡಿದೆ. ಮೂರು ಸೆಕೆಂಡು. ಕೈ ರೂಢಿಯಾದವನಿಗೆ ಎರಡೇ. ಅಷ್ಟು ಮೊದಲೇ ತಿರುಗಿದ್ದರೆ ಅಕ್ಕ ಉಳಿಯುತ್ತಿದ್ದಳೋ ಇಲ್ಲವೋ ನನಗೆ ಗೊತ್ತಿಲ್ಲ. ಯಾರಿಗೂ ಗೊತ್ತಿಲ್ಲ. ಮತ್ತೆ ಮತ್ತೆ ಗಂಟು ಹಾಕಿದೆ.

ಗುರುವಾರ ಬೆಳಿಗ್ಗೆ ಭಾವನ ಕರೆಗೆ ನನ್ನ ಫೋನು ಒಂದೇ ಸಮ ಬಡಿದುಕೊಳ್ಳುತ್ತಿತ್ತು. ಅಕ್ಷತ ಅಂಗಳಕ್ಕೆ ಬಂದಳು.

"ಮಾವ, ಅಪ್ಪನ್ನ ಕರ್ಕೊಂಡ್ ಹೋಗಲ್ವಾ?"

"ಬೈಕ್ ಕೆಟ್ಟೋಗಿದೆ" ಎಂದೆ.

ಅವಳು ನನ್ನ ಕೈಯಲ್ಲಿದ್ದ ಬೈಕಿನ ಕೀ ನೋಡಿದಳು. ತಿರುಗಿ ಒಳಗೆ ಹೋದಳು.