ಪಾವನಿಗೆ ತಿಳಿಯದ ನನ್ನ ತುಟಿ

ಹಲ್ಲುಜ್ಜಿ ಬಾಯಿ ಮುಕ್ಕಳಿಸುವಾಗ ನೀರು ಬಲಗಡೆಯಿಂದ ತಾನಾಗಿ ಸೋರಿ ರವಿಕೆ ಒದ್ದೆಯಾಯಿತು. ಹಿಂದಿನ ದಿನವೇ ಕಿವಿಯ ಹಿಂದೆ ನೋವಿತ್ತು. ಪೀಣ್ಯದ ಗಾರ್ಮೆಂಟ್ಸ್‌ನಲ್ಲಿ ನನ್ನ ಚೆಕಿಂಗ್ ಟೇಬಲ್ ಫ್ಯಾನಿನ ಕೆಳಗೇ ಇದೆ. ಅದರ ಗಾಳಿ ಇರಬೇಕು ಅಂದುಕೊಂಡಿದ್ದೆ.

ಕನ್ನಡಿ ನೋಡಿದೆ. ಅರ್ಧ ಮುಖ ಜೋತುಬಿದ್ದಿತ್ತು.

ಮಗಳು ಪಾವನಿಗೆ ಏಳು ವರ್ಷ. ಹುಟ್ಟಿದಾಗಿನಿಂದ ಕಿವಿ ಕೇಳಿಸುವುದಿಲ್ಲ. ನನ್ನ ತುಟಿ ನೋಡಿಯೇ ಮಾತು ಕಲಿತವಳು. 'ಪಾವನಿ, ಏಳು' ಎಂದೆ. ಅವಳ ಹೆಸರಿನ ಮೊದಲ ಅಕ್ಷರಕ್ಕೇ ತುಟಿ ಸೇರಲಿಲ್ಲ. ಕಣ್ಣುಜ್ಜಿಕೊಂಡು ನನ್ನನ್ನೇ ನೋಡಿದಳು. ಆಮೇಲೆ ಅವರಪ್ಪನ ಬೆನ್ನ ಹಿಂದೆ ಹೋಗಿ ನಿಂತಳು.

ಮನೆಯವರು ರಜಾ ಹಾಕಿ, ಬೈಕಿನಲ್ಲಿ ನಾಗಸಂದ್ರದ ಆಸ್ಪತ್ರೆಗೆ ಕರೆದುಕೊಂಡು ಹೋದರು. ದಾರಿಯ ಧೂಳಿಗೂ ಬಲಗಣ್ಣು ಮುಚ್ಚಲಿಲ್ಲ. ಸ್ಟ್ರೋಕ್ ಎಂಬ ಮಾತನ್ನು ಇಬ್ಬರೂ ಬಾಯಿಬಿಟ್ಟು ಆಡಲಿಲ್ಲ.

"ಹುಬ್ಬು ಮೇಲೆತ್ತಿ. ಕಣ್ಣು ಗಟ್ಟಿಯಾಗಿ ಮುಚ್ಚಿ. ಹಲ್ಲು ತೋರ್ಸಿ," ಎಂದರು ಡಾಕ್ಟರಮ್ಮ. ಕೈಕಾಲಿನ ಬಲ ನೋಡಿದರು. ಕಿವಿಯೊಳಗೆ ಗುಳ್ಳೆ ಇದೆಯೇ ಎಂದು ಲೈಟ್ ಬಿಟ್ಟು ನೋಡಿದರು. ಶುಗರ್ ಟೆಸ್ಟ್ ಮಾಡಿಸಿದರು.

"ಸ್ಟ್ರೋಕ್ ಅಲ್ಲಮ್ಮ. ಅದರಲ್ಲಿ ಸಾಮಾನ್ಯವಾಗಿ ಹಣೆ ಆಡುತ್ತೆ, ನಿಮಗೆ ಹಣೆನೂ ಆಡ್ತಿಲ್ಲ. ಕೈಕಾಲು ಸರಿಯಾಗಿದೆ. ಮುಖದ ನರ ಊದಿಕೊಂಡಿದೆ, ಬೆಲ್ಸ್ ಪಾಲ್ಸಿ. ಬೇಗ ಬಂದ್ರಿ, ಸ್ಟೀರಾಯ್ಡ್ ಇವತ್ತೇ ಶುರು ಮಾಡೋಣ."

"ಪೂರ್ತಿ ಸರಿಹೋಗುತ್ತಾ ಮೇಡಂ?" ಮನೆಯವರು ಕೇಳಿದರು.

"ತುಂಬಾ ಜನಕ್ಕೆ ಸರಿಹೋಗುತ್ತೆ. ವಾರಗಳಾಗ್ಬಹುದು, ತಿಂಗಳುಗಳೂ ಆಗ್ಬಹುದು. ಮಾತು ಕೊಡೋಕಾಗಲ್ಲ. ಕಣ್ಣು ಮಾತ್ರ ಒಣಗೋಕೆ ಬಿಡ್ಬೇಡಿ."

ಮಾತ್ರೆ, ಡ್ರಾಪ್ಸ್, ಮಲಗುವಾಗ ರೆಪ್ಪೆಗೆ ಟೇಪ್. ಉಂಡ ಅನ್ನ ಬಲಗೆನ್ನೆಯಲ್ಲೇ ಉಳಿಯುತ್ತಿತ್ತು. ಇದನ್ನೆಲ್ಲ ಸಹಿಸಬಹುದಿತ್ತು. ಆದರೆ ಪಾವನಿ ಶಾಲೆಯಿಂದ ಬಂದವಳು, ಹೇಳಬೇಕಾದ್ದನ್ನೆಲ್ಲ ಅಪ್ಪ ಬರುವವರೆಗೆ ಒಳಗೇ ಇಟ್ಟುಕೊಳ್ಳತೊಡಗಿದಳು. ನಾನು ಬಾಯಿ ತೆರೆದರೆ ಮುಖ ತಿರುಗಿಸುತ್ತಿದ್ದಳು.

ನನ್ನ ಮಗಳ ಪಾಲಿಗೆ ನಾನು ಮೂಗಿಯಾಗಿದ್ದೆ.

ಮೂರನೇ ವಾರ, ಒಂದು ಸಂಜೆ, ಅಡುಗೆಮನೆಯಲ್ಲಿ ಕೂತು ಅಳುತ್ತಿದ್ದೆ. ಪಾವನಿ ಬಂದು ಎದುರಿಗೆ ಕೂತಳು. ನನ್ನ ಜೋತುಬಿದ್ದ ತುಟಿಯ ಮೂಲೆಯನ್ನು ಬೆರಳಿಂದ ಮೇಲೆತ್ತಿ ಹಿಡಿದು, ತನ್ನ ಒಡಕು ದನಿಯಲ್ಲಿ, "ಈಗ ಹೇಳು," ಎಂದಳು.

"ಹಾಲು ಕುಡೀತೀಯಾ?" ಎಂದೆ.

ಹೂಂ ಎಂದು ತಲೆಯಾಡಿಸಿದಳು.

ಈಗ ಆರು ತಿಂಗಳಾಗಿದೆ. ಹುಬ್ಬು ಏಳುತ್ತದೆ, ಕಣ್ಣು ಮುಚ್ಚುತ್ತದೆ. ನಕ್ಕರೆ ಬಲಗಣ್ಣು ಮಾತ್ರ ತಾನಾಗಿ ಕಿರಿದಾಗುತ್ತದೆ. ಅದು ಹಾಗೇ ಉಳಿಯಬಹುದಂತೆ. ಕೆಲವು ಮಾತು ಪಾವನಿಗೆ ಇನ್ನೂ ತಿಳಿಯುವುದಿಲ್ಲ. ಆದರೆ ಮುಖ ತಿರುಗಿಸದೆ ಕಾಯುತ್ತಾಳೆ. ನಾನು ನಿಧಾನವಾಗಿ ಇನ್ನೊಂದು ಸಲ ಹೇಳುತ್ತೇನೆ.