ರಾಜಾಜಿನಗರದ ಚಪ್ಪರ, ವಿಜಯನಗರದ ಚಪ್ಪರ

ಬೆಳಿಗ್ಗೆ ಏಳೂಕಾಲಿಗೆ ಕೆಂಗೇರಿ ಬಿಡಬೇಕಾದ ಸಿಟಿ ಬಸ್ಸು ಅಂದು ಏಳೂಮುಕ್ಕಾಲಿಗೆ ಹೊರಟಿತು. ಮಾರ್ಕೆಟ್ಟಿಗೆ ನಲವತ್ತು ಪೈಸೆ; ಅಲ್ಲಿ ಇಳಿದು ಇನ್ನೊಂದು ಬಸ್ಸು ಹಿಡಿದರೆ ರಾಜಾಜಿನಗರಕ್ಕೆ ಮತ್ತೆ ಇಪ್ಪತ್ತೈದು. ಇಷ್ಟನ್ನು ಪ್ರವಾಸವೆಂದು ಬರೆದರೆ ಕಾಶಿ ರಾಮೇಶ್ವರ ಕಂಡು ಬಂದವರು ನಕ್ಕಾರು. ನಗಲಿ. ತಾಲ್ಲೂಕು ಕಚೇರಿಯ ಶಿರಸ್ತೇದಾರಿಕೆಯಿಂದ ನಿವೃತ್ತನಾದ ಮೇಲೆ ನಾನು ಮಾಡಿದ ಪ್ರಯಾಣಗಳಲ್ಲಿ ಇಷ್ಟು ದೂರದ್ದು ಮತ್ತೊಂದಿಲ್ಲ.

ಕಳಿಸಿದವಳು ನನ್ನ ಅಣ್ಣನ ಮಗಳು ಗೌರಮ್ಮ. ಅವಳ ಗಂಡ ನಂಜುಂಡಪ್ಪ ಕಾರ್ಖಾನೆಯಲ್ಲಿ ಲೇತ್ ಕೆಲಸದವನು. ರಾಜಾಜಿನಗರದಲ್ಲಿ ಕೆಂಪು ಬಾವುಟದ ಕೆಳಗೆ ಆಮರಣಾಂತ ಉಪವಾಸ ಕೂತಿದ್ದ. ಅವಳ ತಮ್ಮ ಶಂಕರಲಿಂಗ ಹೈಸ್ಕೂಲಿನಲ್ಲಿ ಲೆಕ್ಕದ ಮೇಷ್ಟ್ರು, ಇನ್ನೂ ಮದುವೆಯಾಗದವನು; ವಿಜಯನಗರದಲ್ಲಿ ಕೇಸರಿ ಬಾವುಟದ ಕೆಳಗೆ ಆಮರಣಾಂತ ಉಪವಾಸ ಕೂತಿದ್ದ. ಇಬ್ಬರಿಗೂ ಅಂದು ಐದನೆಯ ದಿನ. ಇಬ್ಬರ ಬೇಡಿಕೆಯೂ ಒಂದೇ: ಸೊಸೈಟಿ ಅಂಗಡಿಯಲ್ಲಿ ಸೀಮೆಎಣ್ಣೆ, ಸಕ್ಕರೆ ಸರಿಯಾಗಿ ಸಿಗಬೇಕು, ಬೆಲೆ ಇಳಿಯಬೇಕು.

ಶಂಕರನಿಗೆ ಸಿಹಿಮೂತ್ರದ ಕಾಯಿಲೆಯಿತ್ತು. ಇದು ಮನೆಯವರಿಗೆ ಮಾತ್ರ ಗೊತ್ತು.

"ನಾನೇ ಹೋದ್ರೆ, ಮೊದಲು ಯಾರ ಹತ್ರ ಹೋದೆ ಅಂತ ಇನ್ನೊಬ್ರು ಸಾಯೋವರೆಗೂ ಆಡ್ಕೊತಾರೆ," ಎಂದಿದ್ದಳು ಗೌರಮ್ಮ. "ನೀವು ಹೋಗಿ ಚಿಕ್ಕಪ್ಪ. ಬೈದಾದ್ರೂ ಸರಿ, ಹೊಡೆದಾದ್ರೂ ಸರಿ, ಇಬ್ರನ್ನೂ ಕರ್ಕೊಂಡ್ ಬನ್ನಿ."

ಮೊದಲಿಗೆ ಎರಡು ಕಡೆಯೂ ಇದ್ದದ್ದು ಸರದಿ ಉಪವಾಸ. ಬೆಳಿಗ್ಗೆ ಒಬ್ಬನಿಗೆ ಹಾರ ಹಾಕಿ ಕೂರಿಸುವುದು, ಮಾರನೆಯ ಬೆಳಿಗ್ಗೆ ನಿಂಬೆ ಪಾನಕ ಕುಡಿಸಿ ಎಬ್ಬಿಸಿ ಇನ್ನೊಬ್ಬನನ್ನು ಕೂರಿಸುವುದು. ಏಕಾದಶಿ, ಶಿವರಾತ್ರಿ ಮಾಡಿ ಪಳಗಿದ ಜನಕ್ಕೆ ಇದೇನು ಹೊಸದಲ್ಲ. ನಂಜುಂಡಪ್ಪ ಒಂದು ದಿನ ಭಾಷಣದ ಬಿಸಿಯಲ್ಲಿ "ಪ್ರಾಣ ಹೋದರೂ ಏಳೆನು" ಎಂದುಬಿಟ್ಟ. ಸಂಜೆಯೊಳಗೆ ಸುದ್ದಿ ವಿಜಯನಗರಕ್ಕೆ ಮುಟ್ಟಿತು. ದೇಶಭಕ್ತಿಯು ಒಂದು ಊಟದಷ್ಟೂ ಹಿಂದೆ ಬೀಳಬಾರದೆಂದು ಅಲ್ಲಿ ಸಭೆ ಸೇರಿ ನಿರ್ಧರಿಸಿದರು. ಯಾರು ಕೂರುವುದೆಂಬ ಪ್ರಶ್ನೆ ಬಂದಾಗ ಸಂಸಾರಸ್ಥರೆಲ್ಲ ಚಪ್ಪರದ ಮಾಡು ನೋಡಿದರಂತೆ. ಶಂಕರ ಮಾತ್ರ ಎದುರಿಗೆ ನೋಡುತ್ತಿದ್ದ.

ಒಂಬತ್ತೂವರೆಗೆ ರಾಜಾಜಿನಗರ ಸೇರಿದೆ. ಚೈತ್ರದ ಬಿಸಿಲು ಆಗಲೇ ನೆತ್ತಿ ಸುಡುತ್ತಿತ್ತು. ಚಪ್ಪರ ದೂರದಿಂದಲೇ ಕೇಳಿಸಿತು: ತಮಟೆ, ಹಾಡು, ಧಿಕ್ಕಾರ. ಒಳಗೆ ಬೀಡಿ ಹೊಗೆ. ಯಾರು ಬೇಕಾದರೂ ಬಂದು ಕೂರಬಹುದು, ಯಾರು ಬೇಕಾದರೂ ಮಾತಾಡಬಹುದು, ಎಲ್ಲರೂ ಮಾತಾಡುತ್ತಿದ್ದರು. ಒಬ್ಬಾತ ವಿಯೆಟ್ನಾಮಿನಿಂದ ಹೊರಟು ನಾನು ನೀರು ಕುಡಿದು ಬರುವಷ್ಟರಲ್ಲಿ ಚಿಲಿ ತಲುಪಿದ್ದ. ರಾಜಾಜಿನಗರದ ಸೊಸೈಟಿ ಅಂಗಡಿಗೆ ಬರಲು ಮಧ್ಯಾಹ್ನವಾದರೂ ಬೇಕಿತ್ತು.

ಚಪ್ಪರದ ಬಾಗಿಲಲ್ಲಿ ಕರಿಹಲಗೆಯೊಂದಿತ್ತು. 'ಉಪವಾಸ: 5ನೇ ದಿನ. ಇಳಿದ ತೂಕ: 4 ಕಿಲೋ.' ಕಾರ್ಖಾನೆಯಲ್ಲಿ ಕಬ್ಬಿಣ ತೂಗುವ ಯಂತ್ರವನ್ನು ತಳ್ಳುಗಾಡಿಯಲ್ಲಿ ತಂದು ಪ್ರತಿದಿನ ಬೆಳಿಗ್ಗೆ ನಂಜುಂಡಪ್ಪನನ್ನು ತೂಗುತ್ತಿದ್ದರು. ನಾನು ವಿಜಯನಗರಕ್ಕೂ ಹೋಗುವವನೆಂದು ತಿಳಿದದ್ದೇ ಕಾರ್ಮಿಕ ಸಂಘದ ಕಾರ್ಯದರ್ಶಿ ನನ್ನನ್ನು ಪಕ್ಕಕ್ಕೆ ಕರೆದರು.

"ಯಜಮಾನ್ರೇ, ಅವರು ಸೌದೆ ಡಿಪೋ ತಕ್ಕಡೀಲಿ ತೂಗಿ ಪೌಂಡಲ್ಲಿ ಬರೀತಾರೆ. ನಮ್ಮ ಹುಡುಗರಿಗೆ ಆ ಲೆಕ್ಕ ಹರಿಯಲ್ಲ. ನೀವು ಕಚೇರೀಲಿದ್ದೋರು. ಅವನು ನಿಜವಾಗ್ಲೂ ಎಷ್ಟು ಇಳಿದಿದಾನೆ, ಕಿಲೋಗೆ ಹಾಕಿ ಹೇಳ್ತೀರಾ?"

"ಇಳಿದೋನು ನನ್ನ ಅಣ್ಣನ ಮಗ," ಎಂದೆ.

"ಅದಕ್ಕೇ ಕೇಳಿದ್ದು. ನಿಮ್ಮನ್ನ ಹತ್ರ ಬಿಡ್ತಾರೆ."

ನಂಜುಂಡಪ್ಪ ಚಾಪೆಯ ಮೇಲೆ ಒರಗಿದ್ದ. ಮೀಸೆ ಮಾತ್ರ ಹಿಂದಿನಷ್ಟೇ ಇತ್ತು, ಮುಖ ಅದರ ಹಿಂದೆ ಸರಿದಿತ್ತು. ಸುತ್ತಲಿನವರು ಹೊಸ ಘೋಷಣೆಗೆ ಎದ್ದಾಗ ನನ್ನ ಕಿವಿಗೆ ಬಾಯಿಟ್ಟ.

"ಮಾವ, ಅಲ್ಲಿ ಶಂಕರ ಹೇಗಿದಾನೆ?"

"ಇನ್ನೂ ನೋಡಿಲ್ಲ. ನೀವು ಎದ್ದರೆ ಅವನೂ ಎದ್ದಾನು."

"ಏಳೋದು ನನಗೇನು ಕಷ್ಟ ಅಲ್ಲ. ಆ ಕಾಯಿಲೆ ಇಟ್ಕೊಂಡು ಅವನು ಕೂತಿದಾನೆ ಅಂತ ಗೊತ್ತಾದಾಗಿಂದ ನನಗೆ ನಿದ್ದೆ ಇಲ್ಲ. ಆದ್ರೆ ಮೊದಲು ಎದ್ದೋನು ಸೋತ ಅಂತಾರೆ. ನನ್ನ ಸೋಲು ನನ್ನೊಬ್ಬಂದಲ್ಲ, ಎಂಟುನೂರು ಜನದ್ದು." ಮೊಣಕೈ ಊರಿ ಸ್ವಲ್ಪ ಎದ್ದು, "ಒಂದು ಕೆಲಸ ಮಾಡಿ," ಎಂದ. "ನಾಲ್ಕು ಗಂಟೆಗೆ ನಮ್ಮ ಕಾರ್ಖಾನೆ ಸೈರನ್ ಆಗುತ್ತೆ. ವಿಜಯನಗರಕ್ಕೂ ಕೇಳುತ್ತೆ. ಸೈರನ್ ಆದ ಕೂಡ್ಲೆ ಇಲ್ಲಿ ನಾನು ಪಾನಕ ಕುಡೀತೀನಿ, ಅಲ್ಲಿ ಅವನು ಕುಡೀಲಿ. ಹಿಂದೆ ಮುಂದೆ ಅನ್ನೋ ಮಾತೇ ಇಲ್ಲ."

ನಲವತ್ತು ವರ್ಷ ಜಮೀನಿನ ತಕರಾರು ಕಂಡ ನನಗೂ ಇಷ್ಟು ಅಚ್ಚುಕಟ್ಟಾದ ರಾಜಿಸೂತ್ರ ಹೊಳೆದಿರಲಿಲ್ಲ. ಒಪ್ಪಿ ಎದ್ದೆ. ಹೊರಗೆ ತಮಟೆಯವರು ಕಾರ್ಖಾನೆಯ ಮುಂದಿನ ಮಧ್ಯಾಹ್ನದ ಗೇಟ್ ಮೀಟಿಂಗಿಗೆ ಹೊರಟಿದ್ದರು. ಅವರಿಗೆ ದಾರಿ ಬಿಟ್ಟು ಪಕ್ಕದಲ್ಲಿ ನಿಂತೆ. ಮೀಟಿಂಗು ಯಾತಕ್ಕೆಂದು ಕೇಳಲಿಲ್ಲ.

ರಾಜಾಜಿನಗರದಿಂದ ವಿಜಯನಗರಕ್ಕೆ ನೇರ ಬಸ್ಸಿರಲಿಲ್ಲ. ಬಸವೇಶ್ವರನಗರದ ಮೇಲೆ ನಡೆದೆ. ನಗರವೆಂಬುದು ಆಗಿನ್ನೂ ಹೆಸರಿಗೆ: ನೆಟ್ಟ ಸರ್ವೆ ಕಲ್ಲು, ಅರ್ಧ ಎದ್ದ ಗೋಡೆ, ನಡುವೆ ಮೇಯುವ ಎಮ್ಮೆ. ಒಂದು ಮನೆಯ ಮುಂದೆ ನೀರು ಕೇಳಿದಾಗ ಹುಬ್ಬಳ್ಳಿ ಕಡೆಯ ಅಜ್ಜಿಯೊಬ್ಬರು ಮಜ್ಜಿಗೆಯನ್ನೇ ಕೊಟ್ಟರು. ಎಲ್ಲಿಗೆಂದು ವಿಚಾರಿಸಿದರು, ಹೇಳಿದೆ.

"ಸೀಮೆಎಣ್ಣಿ ಸಿಗಬೇಕಂತ ಉಪಾಸ ಕುಂತಾರೇನ್ರೀ? ಎಣ್ಣಿ ಇಲ್ಲದ ಒಲಿ ಹತ್ತದ ನಾವೂ ಉಪಾಸನ ಇದ್ದೀವಿ. ನಮಗ್ಯಾರೂ ಮಾಲಿ ಹಾಕಲಿಲ್ಲ ನೋಡ್ರಿ," ಎಂದರು.

ವಿಜಯನಗರದ ಚಪ್ಪರ ಕಣ್ಣಿಗೆ ಬಿದ್ದ ಮೇಲೂ ಕಿವಿಗೆ ಬೀಳಲಿಲ್ಲ. ಜಮಖಾನ ಗೆರೆ ಎಳೆದಂತೆ ಹಾಸಿತ್ತು. ಚಪ್ಪಲಿಗಳು ಕೂಡ ಸಾಲಾಗಿ ನಿಂತಿದ್ದವು. ಗಂಟೆಗೊಮ್ಮೆ ಶಂಖ, ಶ್ಲೋಕ, ಜಯಘೋಷ. ಮಾತಾಡುವವರು ಒಬ್ಬರೇ, ಉಳಿದವರು ಬೆನ್ನು ನೆಟ್ಟಗೆ ಮಾಡಿ ಕೇಳುವವರು. ಭಾಷಣ ಇಲ್ಲಿ ಹೊರದೇಶಕ್ಕೆ ಹೋಗುತ್ತಿರಲಿಲ್ಲ, ಸಾವಿರ ವರ್ಷ ಹಿಂದಕ್ಕೆ ಹೋಗುತ್ತಿತ್ತು. ಸೊಸೈಟಿ ಅಂಗಡಿಗೆ ಮಾತ್ರ ಅಷ್ಟೇ ದೂರ. ನ್ಯಾಯವಾಗಿ ಹೇಳಬೇಕೆಂದರೆ ಶಿಸ್ತಿಗೆ ವಿಜಯನಗರವೇ ಮೇಲು, ಲವಲವಿಕೆಗೆ ರಾಜಾಜಿನಗರವೇ ಮೇಲು. ಶಾಮಿಯಾನ ಎರಡಕ್ಕೂ ಒಂದೇ ಅಂಗಡಿಯದು. ಒಳಮಗ್ಗುಲಲ್ಲಿ ಯಾವುದೋ ಮದುವೆಗೆ ಹೊಲಿಸಿದ್ದ 'ಸುಸ್ವಾಗತ' ಎರಡು ಕಡೆಯೂ ಕಾಣುತ್ತಿತ್ತು.

ಹಲಗೆಯ ಮೇಲೆ 'ಇಳಿದ ತೂಕ: 13 ಪೌಂಡು' ಎಂದು ದುಂಡಗೆ ಬರೆದಿತ್ತು. ಮನಸ್ಸಿನಲ್ಲೇ ಕಿಲೋಗೆ ಹಾಕಿದೆ. ಆರರ ಹತ್ತಿರ ಬಂತು. ನಂಜುಂಡಪ್ಪನಿಗಿಂತ ಅರ್ಧದಷ್ಟು ಹೆಚ್ಚು. ಕಾಯಿಲೆಯೂ ಅವನ ಜೊತೆ ಕೂತು ತಿನ್ನುತ್ತಿತ್ತು.

ಆ ಚಪ್ಪರದ ಸಂಚಾಲಕರನ್ನು ಹುಡುಕಿ, ಹುಡುಗನಿಗೆ ಸಿಹಿಮೂತ್ರವಿದೆ, ಎಬ್ಬಿಸಿ ಎಂದೆ. ಅವರು ಕೈಮುಗಿದು, ಕಣ್ಣು ಒದ್ದೆ ಮಾಡಿಕೊಂಡು ಹೇಳಿದರು: "ಅದನ್ನೂ ನುಂಗ್ಕೊಂಡು ಕೂತಿದಾರಾ! ಎಂಥಾ ತ್ಯಾಗ ಸಾರ್! ಸಂಜೆ ಸಭೇಲಿ ಹೇಳಬಹುದಾ?"

ಬೇಡವೆಂದೆ. ಮೂಲೆಯಲ್ಲಿ ಶಂಕರನ ಬಳಿ ಕೂತೆ. ತುಟಿ ಒಣಗಿ ಬಿರಿದಿತ್ತು. ಉಸಿರಿನಲ್ಲಿ ಕೊಳೆತ ಹಣ್ಣಿನ ವಾಸನೆ. ಭಾವನ ಮಾತನ್ನು ತಲುಪಿಸಿದೆ. ಐದು ದಿನದಲ್ಲಿ ಅವನು ನಕ್ಕದ್ದು ಅದೇ ಮೊದಲೇನೋ.

"ಭಾವಂದು ಯಾವಾಗ್ಲೂ ಇಂಥ ಐಡಿಯಾನೇ. ಸರಿ ಚಿಕ್ಕಪ್ಪ. ನಿಮ್ಮ ಕೈಯಿಂದಲೇ ಕುಡೀತೀನಿ. ನಿಂಬೆಹಣ್ಣು ತಂದಿಟ್ಕೊಳ್ಳಿ, ಸಕ್ಕರೆ ಬೇಡ, ಉಪ್ಪು ಹಾಕಿ. ಆಮೇಲೆ ಡಾಕ್ಟರ ಹತ್ರ ಹೋಗೋಣ."

ಮೂರೂಮುಕ್ಕಾಲಿಗೆ ಪಾನಕ ಸಿದ್ಧವಾಯಿತು. ನಾಲ್ಕಾಯಿತು. ನಾಲ್ಕರ ಮೇಲೆ ಐದು ನಿಮಿಷವಾಯಿತು. ಸೈರನ್ ಕೂಗಲಿಲ್ಲ. ವಿಜಯನಗರದ ಹೆಂಗಸರು ಅದನ್ನು ಕೇಳಿಯೇ ಸಂಜೆಯ ಕಾಫಿಗೆ ನೀರಿಡುವುದು. ಎದುರು ಮನೆಯಾಕೆ ಬಾಗಿಲಿಗೆ ಬಂದು ಆಕಾಶ ನೋಡಿ ಒಳಗೆ ಹೋದರು.

"ನನ್ನ ಗಡಿಯಾರ ಸರಿಯಾಗಿದೆ ಕಣೋ, ಕುಡಿ," ಎಂದೆ.

"ಮಾತು ಸೈರನ್ನಿಗೆ ಆಗಿರೋದು, ಗಡಿಯಾರಕ್ಕಲ್ಲ. ಭಾವ ಅಲ್ಲಿ ಕಾಯ್ತಾ ಕೂತಿರ್ತಾರೆ. ನಾನಿಲ್ಲಿ ಕುಡಿದ್ರೆ ಮೋಸ ಮಾಡ್ದಂಗೆ."

ನಾಲ್ಕೂವರೆಗೆ ಸೈಕಲ್ಲಿನ ಮೇಲೆ ಒಬ್ಬಾತ ಕೂಗುತ್ತಾ ಬಂದ: "ಬಿದ್ರು! ಕೆಂಪಿನವರು ಬಿದ್ರು! ನಂಜುಂಡಪ್ಪ ನಾಲ್ಕು ಗಂಟೆಗೇ ಕುಡಿದುಬಿಟ್ಟ!"

ನಡೆದದ್ದನ್ನು ಸೈಕಲ್ಲಿನವನ ಬಾಯಿಂದಲೇ ತಿಳಿದೆವು. ಗೇಟ್ ಮೀಟಿಂಗಿನಲ್ಲಿ ಎಂಟುನೂರು ಕಾರ್ಮಿಕರು, ತಮ್ಮ ನಂಜುಂಡಪ್ಪನ ಮೇಲಿನ ಪ್ರೀತಿಯಿಂದ, ಒಂದು ಗಂಟೆಗೆಲ್ಲ ಯಂತ್ರ ನಿಲ್ಲಿಸಿ ಹೊರಗೆ ಬಂದಿದ್ದರು. ಹೊರಗೆ ಬಂದವರಲ್ಲಿ ಸೈರನ್ ಒತ್ತುವವನೂ ಒಬ್ಬ. ವಿಷಯ ತಿಳಿದ ನಂಜುಂಡಪ್ಪ, ಕೊಟ್ಟ ಮಾತು ಕೊಟ್ಟದ್ದೇ ಎಂದು, ಯಾರದೋ ಕೈಗಡಿಯಾರ ನೋಡಿ ಸರಿಯಾಗಿ ನಾಲ್ಕಕ್ಕೆ ಕುಡಿದಿದ್ದ. ಲೆಕ್ಕದ ಮೇಷ್ಟ್ರಿಗೆ ಗಡಿಯಾರ ನೋಡಲು ಬರುವುದಿಲ್ಲವೇ ಎಂದುಕೊಂಡೆ ಎಂದು ಆಮೇಲೆ ನಂಜುಂಡಪ್ಪನೇ ನನಗೆ ಹೇಳಿದ.

ಚಪ್ಪರದ ಶಿಸ್ತು ಐದು ದಿನದಲ್ಲಿ ಮೊದಲ ಸಲ ಮುರಿಯಿತು. ಸಾಲು ಬಿಟ್ಟು ಎಲ್ಲರೂ ಎದ್ದರು. ಶಂಕರನ ಶಾಲೆಯ ಮಕ್ಕಳು, ಅವನ ತರಗತಿಯಲ್ಲಿ ನಿದ್ದೆ ಹೋಗುತ್ತಿದ್ದವರು, "ನಮ್ಮ ಮೇಷ್ಟ್ರಿಗೆ ಜೈ!" ಎಂದು ಕುಣಿದರು. ಹಾರದ ಮೇಲೆ ಹಾರ ಬಿತ್ತು. ಶಂಕರ ನನ್ನ ಕಡೆ ತಿರುಗಿ ಪಾನಕದ ಲೋಟಕ್ಕೆ ಕೈಚಾಚಿದ. ಸಂಚಾಲಕರು ಆ ಕೈಗೆ ಮೈಕು ಕೊಟ್ಟರು.

"ಒಂದು ಮಾತು ಹೇಳಿ ಮೇಷ್ಟ್ರೇ. ಅವರದ್ದು ಐದೇ ದಿನ ಅಂತ ಊರಿಗೆ ಗೊತ್ತಾಗ್ಲಿ."

ಅವನು ಮೈಕನ್ನು ನೋಡಿದ, ಜನವನ್ನು ನೋಡಿದ. ಹದಿಮೂರು ವರ್ಷ ಪಾಠ ಮಾಡಿದವನ ಮಾತಿಗೆ ಅಷ್ಟು ಜನ ಕಾದದ್ದು ಅಂದೇ ಇರಬೇಕು. "ಇನ್ನೊಂದು ದಿನ ಇರ್ತೀನಿ," ಎಂದ. ಚಪ್ಪಾಳೆ ಬಿತ್ತು. ಲೋಟವನ್ನು ಕೆಳಗಿಟ್ಟು ನಾನೂ ಎರಡು ಸಲ ತಟ್ಟಿದೆ. ಸಭೆಯಲ್ಲಿ ಎಲ್ಲರೂ ತಟ್ಟುವಾಗ ಕೈ ತಾನಾಗಿ ಹೋಗುತ್ತದೆ. ಸರ್ಕಾರಿ ನೌಕರಿಯ ಅಭ್ಯಾಸ. ಆ ಎರಡು ಚಪ್ಪಾಳೆಯ ಬಗ್ಗೆ ಇಲ್ಲಿಯವರೆಗೆ ಯಾರಿಗೂ ಹೇಳಿರಲಿಲ್ಲ.

ಆರೂವರೆಗೆ ಅವನು ಹಾರಗಳ ಮೇಲೆಯೇ ಒರಗಿದ. ನಿದ್ದೆ ಬಂದಿದೆ, ಎಬ್ಬಿಸಬೇಡಿ ಎಂದರು ಸಂಚಾಲಕರು. ನಾನು ಎಬ್ಬಿಸಿದೆ, ಏಳಲಿಲ್ಲ. ಆಟೋದಲ್ಲಿ ದೊಡ್ಡ ಆಸ್ಪತ್ರೆಗೆ ಒಯ್ದೆವು. ಸುದ್ದಿ ತಿಳಿದ ನಂಜುಂಡಪ್ಪ ಒಬ್ಬನೇ, ಗೋಡೆ ಹಿಡಿದುಕೊಂಡು ಅಲ್ಲಿಗೆ ಬಂದ. ಪಾನಕ ಕುಡಿದ ಹತ್ತು ನಿಮಿಷದಲ್ಲಿ ಅವನನ್ನು ದ್ರೋಹಿಯೆಂದು ಕರೆದು, ಕೆಳಗಿನ ಚಾಪೆ ಎಳೆದುಕೊಂಡು, ಹಲಗೆಯನ್ನು ಒರೆಸಿದ್ದರಂತೆ. ಅದನ್ನು ಹೇಳುವಾಗ ಅವನಿಗೆ ಬೇಸರವಿರಲಿಲ್ಲ. ವಾರ್ಡಿನ ಬಾಗಿಲನ್ನೇ ನೋಡುತ್ತಿದ್ದ.

ಬೆಳಗಾಗುವ ಹೊತ್ತಿಗೆ ಶಂಕರ ಹೋದ. ಎಚ್ಚರವಾಗಲೇ ಇಲ್ಲ.

ಏಳು ಗಂಟೆಗೆ ಸಂಚಾಲಕರು ಬಂದು ಮೆರವಣಿಗೆಗೆ ದೇಹ ಕೇಳಿದರು. ಏಳೂವರೆಗೆ ರಾಜಾಜಿನಗರದ ಕಾರ್ಯದರ್ಶಿ ಬಂದು, ಹಸಿವಿನಿಂದ ಸತ್ತವನು ಎಲ್ಲ ಜನತೆಗೂ ಸೇರಿದವನೆಂದು ಅದನ್ನೇ ಕೇಳಿದರು. ಇಬ್ಬರೂ ಆಸ್ಪತ್ರೆಯ ಮೆಟ್ಟಿಲ ಮೇಲೆ, ಆರು ದಿನದಲ್ಲಿ ಮೊದಲ ಬಾರಿಗೆ, ಮುಖಾಮುಖಿ ಕೂತು ಮಾತಾಡಿದರು. ದೇಹ ಅಕ್ಕನ ಮನೆಗೆ ಹೋಗುತ್ತದೆ ಎಂದು ಹೇಳಿ, ಮಧ್ಯಾಹ್ನಕ್ಕೆ ವ್ಯಾನು ಗೊತ್ತುಮಾಡಿ, ಗೌರಮ್ಮನಿಗೆ ಮೊದಲೇ ತಿಳಿಸಬೇಕೆಂದು ನಾವಿಬ್ಬರೂ ಕೆಂಗೇರಿಯ ಬಸ್ಸು ಹತ್ತಿದೆವು.

ಮೈಸೂರು ರಸ್ತೆಯಲ್ಲಿ ಬಸ್ಸು ಖಾಲಿಯಾಗಿಯೇ ಓಡಿತು. ದೀಪಾಂಜಲಿ ನಗರ ದಾಟಿದ ಮೇಲೆ ನಂಜುಂಡಪ್ಪ ಕೇಳಿದ: "ಮಾವ, ನಾನು ಕುಡಿದಿದ್ದು ಅವನಿಗೆ ಗೊತ್ತಾಗಿತ್ತಾ?"

"ಗೊತ್ತಾಗಿತ್ತು."

"ಏನಂದ?"

"ಕೈ ಚಾಚಿದ," ಎಂದೆ. ಮುಂದಿನದನ್ನು ಹೇಳಲಿಲ್ಲ.

ಕೆಂಗೇರಿಯ ನಿಲ್ದಾಣದಲ್ಲಿ ಗೌರಮ್ಮ ನಿಂತಿದ್ದಳು. ಹಿಂದಿನ ಸಂಜೆಯಿಂದ ಬಂದ ಬಸ್ಸನ್ನೆಲ್ಲ ನೋಡುತ್ತಿದ್ದಳೆಂದು ಆಮೇಲೆ ತಿಳಿಯಿತು. ಮೊದಲು ನಾನು ಇಳಿದೆ. ಹಿಂದೆ ಕಂಬಿ ಹಿಡಿದು ನಂಜುಂಡಪ್ಪ ಇಳಿದ. ಗಂಡನನ್ನು ಕಂಡದ್ದೇ ಅವಳ ಮುಖ ಅರಳಿತು. "ಸೊರಗಿಹೋಗಿದೀರಲ್ರೀ," ಎಂದು ಅವನ ತೋಳು ಹಿಡಿದಳು. ಹಿಡಿದವಳು ಅವನ ಭುಜದ ಮೇಲಿಂದ ಬಸ್ಸಿನ ಮೆಟ್ಟಿಲು ನೋಡಿದಳು, ಆಮೇಲೆ ಕಿಟಕಿಗಳನ್ನು ಒಂದೊಂದಾಗಿ ನೋಡಿದಳು.

"ರೈಟ್!" ಎಂದ ಕಂಡಕ್ಟರು.

"ಇರಪ್ಪಾ, ಸ್ವಲ್ಪ ಇರು," ಎಂದಳು ಗೌರಮ್ಮ. "ನಮ್ಮವರು ಇನ್ನೂ ಒಬ್ರು ಇಳೀಬೇಕು."